ದವಡೆ ಕೀಲಿಗೆ ‘ಡೈ ಹಾಕಿ’ ಎಂಆರ್‌ಐ: ಯಾರಿಗೆ ಬೇಕು, ಯಾರಿಗೆ ಬೇಡ?

ಕೊಪ್ಪಳ: ರೊಟ್ಟಿ ಮುರಿದು ಬಾಯಿಗಿಟ್ಟರೆ ಕಿವಿಯ ಮುಂದೆ ‘ಕಟ್’ ಅಂತ ಸದ್ದು. ಆಕಳಿಸಿದರೆ ದವಡೆ ಹಿಡಿದುಕೊಳ್ಳುತ್ತದೆ. ಬೆಳಿಗ್ಗೆ ಎದ್ದಾಗ ಬಾಯಿ ಪೂರ್ತಿ ತೆರೆಯೋಕೆ ಆಗಲ್ಲ. ಮೊದಲು ಹಲ್ಲುನೋವು ಅಂದುಕೊಂಡು ಮೆಡಿಕಲ್ ಶಾಪ್‌ನಿಂದ ಮಾತ್ರೆ ತಂದು ನುಂಗುತ್ತಾರೆ. ಆಮೇಲೆ ಕಿವಿನೋವು ಅಂದುಕೊಂಡು ಕಿವಿಗೆ ಹನಿ ಹಾಕಿಸುತ್ತಾರೆ. ಕೊನೆಗೆ ಒಬ್ಬ ವೈದ್ಯರು ‘ಇದು ದವಡೆ ಕೀಲಿನ ತೊಂದರೆ, ಎಂಆರ್‌ಐ ಮಾಡಿಸಿ’ ಎಂದು ಚೀಟಿ ಬರೆದುಕೊಡುತ್ತಾರೆ. ಆ ಚೀಟಿಯಲ್ಲಿ ‘ವಿತ್ ಕಾಂಟ್ರಾಸ್ಟ್’ ಅಂತ ಇದ್ದರೆ ಮನೆಯಲ್ಲಿ ಗೊಂದಲ ಶುರು.

‘ಡೈ ಹಾಕಿದ್ರ ಚಲೋ ಕಾಣ್ತೈತಂತ’ ಎನ್ನುವವರು ಒಂದು ಕಡೆ. ‘ಡೈ ಹಾಕಿದ್ರ ಕಿಡ್ನಿ ಹೋಗ್ತೈತಂತ’ ಎನ್ನುವವರು ಇನ್ನೊಂದು ಕಡೆ. ಎರಡೂ ಪೂರ್ತಿ ನಿಜವಲ್ಲ. ಕಾಂಟ್ರಾಸ್ಟ್ ಅಂದರೆ ಸಾದಾ ಸ್ಕ್ಯಾನ್‌ಗಿಂತ ‘ದೊಡ್ಡ’ ಸ್ಕ್ಯಾನ್ ಅಲ್ಲ. ಅದು ಒಂದು ನಿರ್ದಿಷ್ಟ ಪ್ರಶ್ನೆಗೆ ಉತ್ತರ ಹುಡುಕುವ ವಿಧಾನ. ಆ ಪ್ರಶ್ನೆ ನಿಮ್ಮ ವಿಷಯದಲ್ಲಿ ಇಲ್ಲದಿದ್ದರೆ ಡೈ ಬೇಕಾಗಿಲ್ಲ. ಇದ್ದರೆ, ಹಣ ಉಳಿಸಲು ಹೋಗಿ ಅದನ್ನು ಬಿಡಬಾರದು. ವಿಶೇಷವಾಗಿ ಮಕ್ಕಳ ವಿಷಯದಲ್ಲಿ.

ಕುಷ್ಟಗಿ ಅಥವಾ ಯಲಬುರ್ಗಾದ ಒಬ್ಬ ಅಂಗಡಿಯವರಿಗೆ ಸ್ಕ್ಯಾನ್ ಅಂದರೆ ಬರೀ ಸ್ಕ್ಯಾನ್ ಖರ್ಚಲ್ಲ. ಒಂದು ದಿನ ಅಂಗಡಿ ಬಂದ್, ಜೊತೆಗೊಬ್ಬರು, ಬಸ್ ಚಾರ್ಜ್, ಊಟ, ರಿಪೋರ್ಟ್‌ಗೆ ಮತ್ತೊಂದು ಸಲ ಓಡಾಟ. ಹಾಗಾಗಿ ಯಾವುದು ಬೇಕು, ಯಾವುದು ಬೇಡ ಅನ್ನುವುದು ಮೊದಲೇ ಗೊತ್ತಿದ್ದರೆ ಒಳ್ಳೆಯದು.

ದವಡೆ ಕೀಲು ಎಲ್ಲಿದೆ?

ಎರಡೂ ಕಿವಿಗಳ ಮುಂದೆ ಬೆರಳಿಟ್ಟು ಬಾಯಿ ತೆರೆದು ಮುಚ್ಚಿ ನೋಡಿ. ಬೆರಳಿನ ಕೆಳಗೆ ಏನೋ ಜಾರಿದಂತೆ ಅನಿಸುತ್ತದೆ. ಅದೇ ದವಡೆ ಕೀಲು. ವೈದ್ಯರು ಇದನ್ನು ‘ಟಿಎಂ ಜಾಯಿಂಟ್’ ಅಥವಾ ‘ಟಿಎಂಜೆ’ ಅನ್ನುತ್ತಾರೆ. ಕೆಳದವಡೆಯ ಎಲುಬಿನ ತುದಿ ತಲೆಬುರುಡೆಯ ಒಂದು ಕುಳಿಯಲ್ಲಿ ಕೂತಿರುತ್ತದೆ. ಎರಡರ ನಡುವೆ ಡಿಸ್ಕ್ ಎಂಬ ತೆಳುವಾದ ಗಾದಿ ಇರುತ್ತದೆ.

ಈ ಕೀಲು ಬಾಗಿಲಿನ ಕೀಲಿನಂತೆ ಬರೀ ತಿರುಗುವುದಿಲ್ಲ. ಬಾಯಿ ತೆರೆಯುವಾಗ ಮೊದಲು ತಿರುಗಿ, ಆಮೇಲೆ ಮುಂದಕ್ಕೆ ಜಾರುತ್ತದೆ. ಗಾದಿಯೂ ಜೊತೆಗೆ ಜಾರಬೇಕು. ಗಾದಿ ಜಾಗ ತಪ್ಪಿ ಮುಂದೆ ಹೋಗಿದ್ದರೆ, ಎಲುಬು ಅದರ ಮೇಲೆ ಹತ್ತುವಾಗ ‘ಕಟ್’ ಅನ್ನುತ್ತದೆ. ಹತ್ತೋಕೆ ಆಗದಿದ್ದರೆ ಬಾಯಿ ಅರ್ಧಕ್ಕೇ ನಿಲ್ಲುತ್ತದೆ.

ಮನೆಯಲ್ಲೇ ಮಾಡಿಕೊಳ್ಳುವ ಒಂದು ಸುಲಭ ಪರೀಕ್ಷೆ ಇದೆ. ನಿಮ್ಮ ಕೈಯ ನಡುವಿನ ಮೂರು ಬೆರಳನ್ನು ಒಂದರ ಮೇಲೊಂದು ಬರುವಂತೆ ಮುಂಭಾಗದ ಮೇಲಿನ ಮತ್ತು ಕೆಳಗಿನ ಹಲ್ಲುಗಳ ನಡುವೆ ಇಡಿ. ಮೂರೂ ಹಿಡಿಸಿದರೆ ಬಾಯಿ ಸರಿಯಾಗಿ ತೆರೆಯುತ್ತಿದೆ ಎಂದು ಲೆಕ್ಕ. ಎರಡೇ ಹಿಡಿಸಿದರೆ, ಅಥವಾ ದಿನದಿಂದ ದಿನಕ್ಕೆ ಕಡಿಮೆಯಾಗುತ್ತಿದ್ದರೆ ವೈದ್ಯರಿಗೆ ತೋರಿಸಬೇಕು.

ಎಕ್ಸ್‌ರೇ ಸಾಲದೇ?

ಎಕ್ಸ್‌ರೇಯಲ್ಲಿ ಎಲುಬು ಕಾಣುತ್ತದೆ, ಗಾದಿ ಕಾಣುವುದಿಲ್ಲ. ಹಲ್ಲಿನ ಕ್ಲಿನಿಕ್‌ಗಳಲ್ಲಿ ತೆಗೆಯುವ ಒಪಿಜಿ ಎಂಬ ಇಡೀ ದವಡೆಯ ಎಕ್ಸ್‌ರೇ ಮೊದಲ ಹೆಜ್ಜೆಗೆ ಒಳ್ಳೆಯದು. ಬೈಕ್‌ನಿಂದ ಬಿದ್ದು ಗದ್ದಕ್ಕೆ ಪೆಟ್ಟಾಗಿ ಎಲುಬು ಮುರಿದ ಅನುಮಾನ ಇದ್ದರೆ ಸಿಟಿ ಸ್ಕ್ಯಾನ್ ಹೆಚ್ಚು ಉಪಯೋಗಕ್ಕೆ ಬರುತ್ತದೆ. ಗಾದಿ, ಸ್ನಾಯು, ಕೀಲಿನ ಒಳಪೊರೆ, ಕೀಲಿನಲ್ಲಿ ತುಂಬಿದ ನೀರು ಇವೆಲ್ಲ ಕಾಣಬೇಕು ಅಂದರೆ ಎಂಆರ್‌ಐ ಬೇಕು. ಇದರಲ್ಲಿ ಎಕ್ಸ್‌ರೇ ಕಿರಣ ಇಲ್ಲ. ದೊಡ್ಡ ಅಯಸ್ಕಾಂತ ಮತ್ತು ರೇಡಿಯೋ ತರಂಗದಿಂದ ಚಿತ್ರ ಮೂಡುತ್ತದೆ.

1980ರ ದಶಕದವರೆಗೆ ಗಾದಿ ನೋಡಬೇಕಾದರೆ ಕಿವಿಯ ಮುಂದೆ ಸೂಜಿ ಚುಚ್ಚಿ, ಕೀಲಿನೊಳಕ್ಕೇ ಔಷಧ ತುಂಬಿ ಎಕ್ಸ್‌ರೇ ತೆಗೆಯುತ್ತಿದ್ದರು. ಎಂಆರ್‌ಐ ಬಂದ ಮೇಲೆ ಆ ನೋವಿನ ಪರೀಕ್ಷೆ ಹೆಚ್ಚುಕಡಿಮೆ ನಿಂತೇ ಹೋಯಿತು. ಈಗಿನ ಕಾಂಟ್ರಾಸ್ಟ್ ಇಂಜೆಕ್ಷನ್ ದವಡೆಗೆ ಅಲ್ಲ, ಕೈಯ ನರಕ್ಕೆ ಕೊಡುವುದು. ‘ದವಡೆಗೆ ಸೂಜಿ ಚುಚ್ತಾರಂತ’ ಎಂಬ ಹೆದರಿಕೆ ಬೇಡ.

ಡೈ ಅಂದ್ರೆ ಏನು?

ಹೆಸರು ಡೈ ಆದರೂ ಅದಕ್ಕೆ ಬಣ್ಣ ಇಲ್ಲ. ನೀರಿನಂತೆ ತಿಳಿಯಾಗಿರುತ್ತದೆ. ಚಿತ್ರವೂ ಬಣ್ಣದಲ್ಲಿ ಬರುವುದಿಲ್ಲ, ಕಪ್ಪು-ಬಿಳುಪೇ. ಔಷಧದಲ್ಲಿ ಗ್ಯಾಡೋಲಿನಿಯಂ ಎಂಬ ಲೋಹ ಇರುತ್ತದೆ. ಲೋಹ ಹಾಗೇ ಬಿಡಿಯಾಗಿ ಇದ್ದರೆ ಮೈಗೆ ವಿಷ. ಅದಕ್ಕೇ ಬೇರೊಂದು ರಾಸಾಯನಿಕದೊಳಗೆ ಬಿಗಿಯಾಗಿ ಕಟ್ಟಿ ಕೊಡುತ್ತಾರೆ. ಇಂಥ ಔಷಧ 1988ರಿಂದ ಬಳಕೆಯಲ್ಲಿದೆ.

ಅದು ರಕ್ತದ ಜೊತೆ ಹರಿಯುತ್ತದೆ. ಎಲ್ಲಿ ಉರಿಯೂತ ಇದೆಯೋ ಅಲ್ಲಿ ರಕ್ತದ ಓಡಾಟ ಹೆಚ್ಚು, ನಾಳಗಳೂ ಸೋರುತ್ತವೆ. ಅಲ್ಲಿ ಗ್ಯಾಡೋಲಿನಿಯಂ ಸೇರಿಕೊಂಡು ಆ ಜಾಗ ಬೆಳ್ಳಗೆ ಹೊಳೆಯುತ್ತದೆ. ಗಡ್ಡೆ ಇದ್ದರೆ, ಕೀವು ಇದ್ದರೆ ಅದರ ಅಂಚು ಎದ್ದು ಕಾಣುತ್ತದೆ. ಅಂದರೆ ಡೈ ಹೇಳುವುದು ಇಷ್ಟು: ಕೀಲಿನ ಒಳಪೊರೆ ಉರಿಯುತ್ತಿದೆಯೇ? ಅಲ್ಲಿ ಗಡ್ಡೆ ಅಥವಾ ಸೋಂಕು ಇದೆಯೇ?

ಯಾರಿಗೆ ಡೈ ಬೇಕಾಗುವುದಿಲ್ಲ?

ಗಂಗಾವತಿಯ ಒಬ್ಬ ಕಿರಾಣಿ ಅಂಗಡಿಯವರು ಎಂದುಕೊಳ್ಳಿ. ವಯಸ್ಸು ನಲವತ್ತು. ಆರು ತಿಂಗಳಿಂದ ಬಲಗಡೆ ‘ಕಟ್ ಕಟ್’ ಸದ್ದು, ಗಟ್ಟಿ ಪದಾರ್ಥ ತಿಂದರೆ ನೋವು. ಜ್ವರ ಇಲ್ಲ, ಬಾವು ಇಲ್ಲ, ಬೇರೆ ಕೀಲುಗಳಲ್ಲಿ ನೋವಿಲ್ಲ. ಇವರ ವಿಷಯದಲ್ಲಿ ಇರುವ ಪ್ರಶ್ನೆ ‘ಗಾದಿ ಎಲ್ಲಿದೆ’ ಅನ್ನುವುದು ಮಾತ್ರ. ಅದಕ್ಕೆ ಬಾಯಿ ಮುಚ್ಚಿ ಒಮ್ಮೆ, ತೆರೆದು ಒಮ್ಮೆ ತೆಗೆಯುವ ಸಾದಾ ಎಂಆರ್‌ಐ ಸಾಕು.

ಎಷ್ಟೋ ಸಲ ಅದೂ ಬೇಕಾಗುವುದಿಲ್ಲ. ಬರೀ ಸದ್ದು ಇದ್ದು ನೋವಿಲ್ಲದಿದ್ದರೆ ಸಾಮಾನ್ಯವಾಗಿ ಚಿಕಿತ್ಸೆಯೇ ಬೇಡ. ಯಾವ ತೊಂದರೆಯೂ ಇಲ್ಲದ ಜನರಿಗೆ ಎಂಆರ್‌ಐ ಮಾಡಿ ನೋಡಿದಾಗ ಸುಮಾರು ಮೂರರಲ್ಲಿ ಒಬ್ಬರಿಗೆ ಗಾದಿ ಸ್ವಲ್ಪ ಜಾರಿರುವುದು ಕಂಡಿದೆ. ಆದ್ದರಿಂದ ರಿಪೋರ್ಟ್‌ನಲ್ಲಿ ‘ಡಿಸ್ಕ್ ಜಾರಿದೆ’ ಅಂತ ಬಂದ ಮಾತ್ರಕ್ಕೆ ಆಪರೇಷನ್ ಅಂತ ಹೆದರಬೇಕಿಲ್ಲ.

ನೋವು ಇದ್ದರೂ ಹೆಚ್ಚಿನವರಿಗೆ ಕೆಲವು ವಾರದ ಸರಳ ಆರೈಕೆಯಲ್ಲಿ ಕಡಿಮೆಯಾಗುತ್ತದೆ. ಖಡಕ್ ರೊಟ್ಟಿ, ಕಬ್ಬು, ಹುರಿದ ಕಡಲೆ, ಅಡಿಕೆ ಬಿಡುವುದು. ರೊಟ್ಟಿ ಬೇಕೇ ಬೇಕು ಅಂದರೆ ಸಾರಿನಲ್ಲಿ ನೆನೆಸಿ ತಿನ್ನುವುದು. ಬಿಸಿ ಬಟ್ಟೆಯಿಂದ ಶಾಖ ಕೊಡುವುದು. ದೊಡ್ಡದಾಗಿ ಆಕಳಿಸುವಾಗ ಗದ್ದಕ್ಕೆ ಕೈ ಆಸರೆ ಕೊಡುವುದು. ರಾತ್ರಿ ಹಲ್ಲು ಕಡಿಯುವ ಅಭ್ಯಾಸ ಇದ್ದರೆ ದಂತ ವೈದ್ಯರು ಹಲ್ಲಿಗೆ ಹಾಕಿಕೊಳ್ಳುವ ಪ್ಲಾಸ್ಟಿಕ್ ಪಟ್ಟಿ ಮಾಡಿಕೊಡುತ್ತಾರೆ. ಇಷ್ಟೆಲ್ಲ ಮಾಡಿದರೂ ಬಗ್ಗದಿದ್ದಾಗ ಸ್ಕ್ಯಾನ್ ಮಾತು ಬರುತ್ತದೆ.

ಯಾರಿಗೆ ಡೈ ಬೇಕು?

ಮೊದಲನೆಯದಾಗಿ, ಸಂಧಿವಾತ ಇರುವ ಮಕ್ಕಳಿಗೆ. ಹದಿನಾರು ವರ್ಷದೊಳಗಿನ ಮಕ್ಕಳಿಗೂ ಕೀಲುವಾತ ಬರುತ್ತದೆ ಎಂಬುದು ಹಲವರಿಗೆ ಗೊತ್ತಿಲ್ಲ. ಮೊಣಕಾಲು, ಮಣಿಕಟ್ಟು ಬಾತು, ಬೆಳಿಗ್ಗೆ ಎದ್ದಾಗ ಬಿಗಿಯಾಗಿ, ಆರು ವಾರ ಕಳೆದರೂ ಹೋಗದಿದ್ದರೆ ಆ ಅನುಮಾನ ಪಡಬೇಕು. ಇಂಥ ಮಕ್ಕಳಲ್ಲಿ ದವಡೆ ಕೀಲಿಗೂ ರೋಗ ತಗಲುವುದು ಅಪರೂಪವಲ್ಲ. ಆದರೆ ಅಲ್ಲಿ ನೋವೇ ಬರದಿರಬಹುದು. ಮಗು ಚೆನ್ನಾಗಿ ಊಟ ಮಾಡುತ್ತಿರುತ್ತದೆ, ಮನೆಯವರಿಗೆ ಏನೂ ತಿಳಿಯುವುದಿಲ್ಲ.

ಕೆಳದವಡೆ ಬೆಳೆಯುವ ಮುಖ್ಯ ಜಾಗ ಇರುವುದು ಇದೇ ಕೀಲಿನ ತುದಿಯಲ್ಲಿ. ಅಲ್ಲಿ ಉರಿಯೂತ ವರ್ಷಗಟ್ಟಲೆ ಉಳಿದರೆ ದವಡೆಯ ಬೆಳವಣಿಗೆ ಕುಂಠಿತವಾಗುತ್ತದೆ. ಒಂದೇ ಕಡೆ ಆದರೆ ಮುಖ ಓರೆಯಾಗುತ್ತದೆ, ಎರಡೂ ಕಡೆ ಆದರೆ ಗದ್ದ ಹಿಂದಕ್ಕೆ ಸರಿದಂತೆ ಕಾಣುತ್ತದೆ. ಎಕ್ಸ್‌ರೇಯಲ್ಲಿ ಎಲುಬು ಸವೆದದ್ದು ಕಾಣುವ ಹೊತ್ತಿಗೆ ತಡವಾಗಿರುತ್ತದೆ. ಕಾಂಟ್ರಾಸ್ಟ್ ಎಂಆರ್‌ಐ ಎಲುಬು ಸವೆಯುವ ಮೊದಲೇ ಒಳಪೊರೆಯ ಉರಿಯೂತ ತೋರಿಸುತ್ತದೆ. ಆಗ ಔಷಧ ಶುರು ಮಾಡಿದರೆ ದವಡೆ ಉಳಿಯುತ್ತದೆ. ಆರೋಗ್ಯವಂತ ಮಕ್ಕಳ ಕೀಲಿನಲ್ಲೂ ಸ್ವಲ್ಪ ಹೊಳಪು ಕಾಣುವುದುಂಟು. ಅದಕ್ಕೇ ಸ್ಕ್ಯಾನ್ ಜೊತೆ ಮಗುವನ್ನೂ ಪರೀಕ್ಷಿಸಿಯೇ ವೈದ್ಯರು ತೀರ್ಮಾನ ಮಾಡುತ್ತಾರೆ.

ಎರಡನೆಯದಾಗಿ, ಆಮವಾತ ಇರುವ ದೊಡ್ಡವರಿಗೆ ದವಡೆ ನೋವು ಶುರುವಾದರೆ. ಮೂರನೆಯದಾಗಿ, ಕಿವಿಯ ಮುಂದೆ ಬಾವು ಬಂದು ಜ್ವರವೂ ಇದ್ದರೆ. ನಾಲ್ಕನೆಯದಾಗಿ, ಗಡ್ಡೆ ಕೈಗೆ ಸಿಗುತ್ತಿದ್ದರೆ, ತುಟಿ ಅಥವಾ ಗದ್ದ ಜೋಮು ಹಿಡಿದಿದ್ದರೆ, ಹಲ್ಲುಗಳು ಕೂಡುವ ರೀತಿ ಕಾರಣವಿಲ್ಲದೆ ಬದಲಾಗಿದ್ದರೆ. ಇಂಥ ಕಡೆ ವೈದ್ಯರು ಡೈ ಬರೆದಿದ್ದರೆ ಅದಕ್ಕೆ ಕಾರಣ ಇದೆ.

ಬಾಯಿ ತೆರೆಯದಿದ್ದರೆ ಎಲ್ಲವೂ ಕೀಲಿನದ್ದಲ್ಲ

ಅಡಿಕೆ, ಗುಟ್ಕಾ, ಪಾನ್ ಮಸಾಲ ಜಗಿಯುವವರಲ್ಲಿ ಬಾಯಿ ಬಿಗಿಯಾಗಲು ಸಾಮಾನ್ಯ ಕಾರಣವೇ ಬೇರೆ. ಕೆನ್ನೆಯ ಒಳಚರ್ಮ ನಾರಿನಂತೆ ಗಟ್ಟಿಯಾಗಿ, ಬೆಳ್ಳಗಾಗಿ, ಹಿಗ್ಗುವುದನ್ನೇ ಬಿಡುತ್ತದೆ. ಖಾರ ತಾಗಿದರೆ ಉರಿ. ಇದನ್ನು ದಂತ ವೈದ್ಯರು ಬಾಯೊಳಗೆ ಬೆರಳಿಟ್ಟು ನೋಡಿದರೇ ಗೊತ್ತಾಗುತ್ತದೆ. ಮೊದಲೇ ಕೀಲಿನ ಎಂಆರ್‌ಐಗೆ ದುಡ್ಡು ಸುರಿಯಬೇಕಿಲ್ಲ. ಮೊದಲು ಜಗಿಯುವುದು ನಿಲ್ಲಬೇಕು. ಇದು ಮುಂದೆ ಬಾಯಿ ಕ್ಯಾನ್ಸರ್‌ಗೆ ತಿರುಗಬಹುದಾದ ಸ್ಥಿತಿ. ತಂಬಾಕು ಇಲ್ಲದ ಬರೀ ಅಡಿಕೆಯೂ ಕ್ಯಾನ್ಸರ್‌ಕಾರಕ ಎಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2004ರ ವರದಿಯಲ್ಲೇ ಹೇಳಿದೆ. ರಾಜ್ಯದಲ್ಲಿ ಗುಟ್ಕಾ ನಿಷೇಧವಾಗಿದ್ದು 2013ರಲ್ಲಿ. ಆದರೆ ಮಸಾಲ ಒಂದು ಚೀಟಿನಲ್ಲಿ, ತಂಬಾಕು ಇನ್ನೊಂದು ಚೀಟಿನಲ್ಲಿ ಕೊಂಡು ಬೆರೆಸಿದರೆ ಬಾಯಿಗೆ ಆಗುವುದು ಅದೇ.

ಇನ್ನು ಮೂರು ಸಂದರ್ಭದಲ್ಲಿ ಸ್ಕ್ಯಾನ್‌ಗೆ ಕಾಯಲೇಬಾರದು. ಒಂದು, ದವಡೆ ನೋವಿನ ಜೊತೆ ಎದೆ ಬಿಗಿತ, ಬೆವರು, ಉಬ್ಬಸ, ಎಡಗೈ ಸೆಳೆತ ಇದ್ದರೆ ಅದು ಹೃದಯಾಘಾತ ಇರಬಹುದು. ಶುಗರ್ ಇರುವವರಲ್ಲಿ ಎದೆನೋವು ಅಷ್ಟಾಗಿ ಗೊತ್ತಾಗದೆಯೂ ಇರಬಹುದು. ತಕ್ಷಣ ಇಸಿಜಿ ಮಾಡಿಸಬೇಕು. ಎರಡು, ಗಾಯ ಆದ ಕೆಲವು ದಿನಕ್ಕೆ ದವಡೆ ಕಚ್ಚಿಕೊಂಡರೆ ಧನುರ್ವಾಯು ಇರಬಹುದು. ಮೂರು, ಆಕಳಿಸಿದಾಗ ಬಾಯಿ ತೆರೆದದ್ದು ಹಾಗೇ ನಿಂತುಬಿಟ್ಟರೆ ಕೀಲು ತಪ್ಪಿದೆ ಎಂದರ್ಥ. ವೈದ್ಯರು ಕೈಯಿಂದಲೇ ಕೂರಿಸುತ್ತಾರೆ. ಮನೆಯಲ್ಲಿ ಒತ್ತಿ ನೋಡುವುದು ಬೇಡ.

ಕಿಡ್ನಿ ಹೋಗುತ್ತದೆಯೇ?

ಈ ಹೆದರಿಕೆಗೆ ಒಂದು ಹಿನ್ನೆಲೆ ಇದೆ. ಹಳೆಯ ಮಾದರಿಯ ಕೆಲವು ಗ್ಯಾಡೋಲಿನಿಯಂ ಔಷಧ ಕೊಟ್ಟಾಗ, ಮೊದಲೇ ಕಿಡ್ನಿ ಪೂರ್ತಿ ಕೆಟ್ಟಿದ್ದ ಕೆಲವರಿಗೆ ಚರ್ಮ, ಕೀಲು ಗಟ್ಟಿಯಾಗುವ ಗಂಭೀರ ಕಾಯಿಲೆ ಬಂತು. 2006ರ ಹೊತ್ತಿಗೆ ಈ ಸಂಬಂಧ ಬೆಳಕಿಗೆ ಬಂದ ಮೇಲೆ ಜಗತ್ತಿನಾದ್ಯಂತ ನಿಯಮ ಬಿಗಿಯಾಯಿತು. ಲೋಹವನ್ನು ಉಂಗುರದಂತೆ ಸುತ್ತುವರಿದು ಹಿಡಿದಿಡುವ ಹೊಸ ಮಾದರಿಯ ಔಷಧಗಳಲ್ಲಿ ಆ ಅಪಾಯ ತೀರಾ ಕಡಿಮೆ.

ಅಂದರೆ ಇಲ್ಲಿ ವಿಷಯ ಡೈ ಒಳ್ಳೆಯ ಕಿಡ್ನಿಯನ್ನು ಕೆಡಿಸುತ್ತದೆ ಅನ್ನುವುದಲ್ಲ. ಕಿಡ್ನಿ ಮೊದಲೇ ಕೆಟ್ಟಿದ್ದರೆ ಡೈ ಮೈಯಿಂದ ಹೊರಹೋಗುವುದು ನಿಧಾನ ಅನ್ನುವುದು. ಕಿಡ್ನಿ ಸರಿ ಇದ್ದವರಲ್ಲಿ ಬಹುಪಾಲು ಒಂದು ದಿನದೊಳಗೆ ಮೂತ್ರದಲ್ಲಿ ಹೋಗುತ್ತದೆ. ಅತಿ ಸಣ್ಣ ಅಂಶ ಮೈಯಲ್ಲಿ ಉಳಿಯುತ್ತದೆ ಎಂದು 2017ರಲ್ಲಿ ಅಮೆರಿಕ ಮತ್ತು ಯುರೋಪಿನ ಔಷಧ ನಿಯಂತ್ರಕರು ಎಚ್ಚರಿಸಿದ್ದರಿಂದ, ಬೇಕಾದಾಗ ಮಾತ್ರ ಬಳಸಬೇಕು ಎಂಬುದು ಈಗಿನ ರೂಢಿ.

ಶುಗರ್, ಬಿಪಿ, ಕಿಡ್ನಿ ತೊಂದರೆ ಇರುವವರು ಸ್ಕ್ಯಾನ್‌ಗೆ ಮೊದಲು ರಕ್ತದ ಕ್ರಿಯಾಟಿನಿನ್ ಪರೀಕ್ಷೆ ಬೇಕೇ ಎಂದು ಕೇಳಬೇಕು. ಇದು ಸಣ್ಣ ಪರೀಕ್ಷೆ, ಊರಲ್ಲೇ ಮಾಡಿಸಿಕೊಂಡು ಹೋದರೆ ಅಲ್ಲಿ ಕಾಯುವುದು ತಪ್ಪುತ್ತದೆ. ಡಯಾಲಿಸಿಸ್‌ನಲ್ಲಿ ಇರುವವರು, ಹಿಂದೆ ಡೈ ಹಾಕಿಸಿಕೊಂಡಾಗ ಮೈ ತುರಿಕೆ, ಉಬ್ಬಸ ಬಂದವರು ಮೊದಲೇ ಹೇಳಲೇಬೇಕು. ಬಸುರಿಯರಿಗೆ ತೀರಾ ಅನಿವಾರ್ಯ ಇಲ್ಲದಿದ್ದರೆ ಡೈ ಕೊಡುವುದಿಲ್ಲ. ಎದೆಹಾಲು ಕುಡಿಸುವ ತಾಯಂದಿರು ಹಾಲು ನಿಲ್ಲಿಸಬೇಕಿಲ್ಲ. ಹಾಲಿಗೆ ಸೇರುವ ಅಂಶ ಅತ್ಯಲ್ಪ.

ಸ್ಕ್ಯಾನ್ ದಿನ ಏನಾಗುತ್ತದೆ?

ಮೈಮೇಲಿನ ಲೋಹ ಎಲ್ಲ ತೆಗೆಯಬೇಕು. ತಾಳಿ, ಕಾಲುಂಗುರ, ಮೂಗುಬಟ್ಟು, ಕಿವಿಯೋಲೆ, ಬೆಳ್ಳಿ ಉಡದಾರ, ತಾಯತ, ಕೂದಲ ಪಿನ್ನು, ಸೀರೆ ಪಿನ್ನು ಎಲ್ಲವೂ. ತಾಳಿ ತೆಗೆಯಲು ಮನಸ್ಸು ಒಪ್ಪದವರು, ಬಿಗಿಯಾದ ಕಾಲುಂಗುರ ಇರುವವರು ಮನೆಯಲ್ಲೇ ಇದರ ವಿಚಾರ ಮುಗಿಸಿಕೊಂಡು ಹೋಗುವುದು ಒಳ್ಳೆಯದು. ತೆಗೆದಿಡುವ ಹಲ್ಲಿನ ಸೆಟ್, ಮೊಬೈಲ್, ಎಟಿಎಂ ಕಾರ್ಡ್ ಹೊರಗೇ ಇರಲಿ.

ಹೃದಯಕ್ಕೆ ಪೇಸ್‌ಮೇಕರ್ ಇದ್ದರೆ, ಕಿವಿಯೊಳಗೆ ಯಂತ್ರ ಕೂರಿಸಿದ್ದರೆ, ಮೆದುಳಿನ ನರಕ್ಕೆ ಕ್ಲಿಪ್ ಹಾಕಿದ್ದರೆ ಮೊದಲೇ ಹೇಳಬೇಕು. ವೆಲ್ಡಿಂಗ್, ಲೇತ್ ಕೆಲಸ ಮಾಡುವವರು, ಗಿಣಿಗೇರಾ ಸುತ್ತಲಿನ ಕಬ್ಬಿಣದ ಕಾರ್ಖಾನೆಗಳಲ್ಲಿ ದುಡಿಯುವವರು, ಕಣ್ಣಿಗೆ ಎಂದಾದರೂ ಕಬ್ಬಿಣದ ಚೂರು ಸಿಡಿದಿದ್ದರೆ ಅದನ್ನೂ ಹೇಳಬೇಕು. ಅಯಸ್ಕಾಂತ ಆ ಚೂರನ್ನು ಎಳೆದರೆ ಕಣ್ಣಿಗೆ ಅಪಾಯ. ಹಲ್ಲಿನ ಲೋಹದ ಕ್ಯಾಪ್, ತಂತಿಯಿಂದ ಸಾಮಾನ್ಯವಾಗಿ ಅಪಾಯ ಇಲ್ಲ, ಆದರೆ ದವಡೆಯ ಹತ್ತಿರವೇ ಇರುವುದರಿಂದ ಚಿತ್ರ ಕೆಡಿಸಬಹುದು.

ಆಮೇಲೆ ಕೈ ನರಕ್ಕೆ ಸಣ್ಣ ಸೂಜಿ ಹಾಕಿ ಮಲಗಿಸುತ್ತಾರೆ. ಮೊದಲು ಡೈ ಇಲ್ಲದೆ ಚಿತ್ರ. ಬಾಯಿ ಮುಚ್ಚಿ ಒಮ್ಮೆ, ಹಲ್ಲುಗಳ ನಡುವೆ ಪ್ಲಾಸ್ಟಿಕ್ ಅಥವಾ ಮರದ ತುಂಡು ಇಟ್ಟು ಬಾಯಿ ತೆರೆದು ಇನ್ನೊಮ್ಮೆ. ಬಾಯಿ ತೆರೆದಾಗ ಉಗುಳು ನುಂಗಿದರೂ ಚಿತ್ರ ಅಲುಗುತ್ತದೆ. ನೋವು ತಾಳೋಕೆ ಆಗದಿದ್ದರೆ ಮೊದಲೇ ಹೇಳಿದರೆ ಸಣ್ಣ ತುಂಡು ಇಡುತ್ತಾರೆ. ನಂತರ ಡೈ ಕೊಟ್ಟು ತಡಮಾಡದೆ ಮತ್ತೆ ಚಿತ್ರ ತೆಗೆಯುತ್ತಾರೆ. ತಡವಾದರೆ ಡೈ ಒಳಪೊರೆಯಿಂದ ಕೀಲಿನ ನೀರಿಗೂ ಸೋರಿ, ಯಾವುದು ಪೊರೆ, ಯಾವುದು ನೀರು ಅನ್ನುವುದು ತಿಳಿಯದಂತಾಗುತ್ತದೆ.

ಒಟ್ಟು ಅರ್ಧ ಗಂಟೆಯಿಂದ ಮುಕ್ಕಾಲು ಗಂಟೆ. ಸದ್ದು ಜೋರು, ಕಿವಿಗೆ ಮುಚ್ಚಳ ಕೊಡುತ್ತಾರೆ. ಕೈಯಲ್ಲಿ ಒಂದು ಗುಂಡಿ ಕೊಟ್ಟಿರುತ್ತಾರೆ, ಗಾಬರಿಯಾದರೆ ಒತ್ತಿದರೆ ಹೊರಗೆಳೆಯುತ್ತಾರೆ. ಸಣ್ಣ ಮಕ್ಕಳಿಗೆ ಮಂಪರು ಕೊಡಬೇಕಾಗಬಹುದು. ಹಾಗಿದ್ದರೆ ಎಷ್ಟು ಹೊತ್ತು ಏನೂ ತಿನ್ನಿಸಬಾರದು ಎಂದು ಮೊದಲೇ ಕೇಳಿಕೊಳ್ಳಬೇಕು. ಮುಗಿದ ತಕ್ಷಣ ಬಸ್‌ಗೆ ಓಡದೆ ಅರ್ಧ ಗಂಟೆ ಅಲ್ಲೇ ಕೂತು, ಮೈ ತುರಿಕೆ, ಉಸಿರಿನ ತೊಂದರೆ ಇಲ್ಲ ಎಂದು ಖಾತ್ರಿ ಮಾಡಿಕೊಂಡು ಹೊರಡುವುದು ಒಳಿತು.

ರಿಪೋರ್ಟ್‌ನಲ್ಲಿ ಬರುವ ಮಾತುಗಳು

‘ವಿತ್ ರಿಡಕ್ಷನ್’ ಅಂದರೆ ರೋಗ ಕಡಿಮೆಯಾಗಿದೆ ಎಂದಲ್ಲ. ಬಾಯಿ ತೆರೆದಾಗ ಜಾರಿದ ಗಾದಿ ತನ್ನ ಜಾಗಕ್ಕೆ ವಾಪಸ್ ಬರುತ್ತಿದೆ ಎಂದು. ‘ವಿತೌಟ್ ರಿಡಕ್ಷನ್’ ಅಂದರೆ ವಾಪಸ್ ಬರುತ್ತಿಲ್ಲ. ‘ಎಫ್ಯೂಷನ್’ ಅಂದರೆ ಕೀಲಿನಲ್ಲಿ ನೀರು ತುಂಬಿದೆ. ‘ಸೈನೋವಿಯಲ್ ಎನ್‌ಹಾನ್ಸ್‌ಮೆಂಟ್’ ಅಂದರೆ ಡೈ ಹಾಕಿದಾಗ ಒಳಪೊರೆ ಹೊಳೆದಿದೆ, ಉರಿಯೂತ ಇರಬಹುದು. ‘ಎರೋಷನ್’ ಅಂದರೆ ಎಲುಬು ಸವೆದಿದೆ. ಇವುಗಳಲ್ಲಿ ಯಾವುದನ್ನೂ ಮೊಬೈಲ್‌ನಲ್ಲಿ ಹುಡುಕಿ ತೀರ್ಮಾನಿಸುವುದಕ್ಕಿಂತ ಚೀಟಿ ಬರೆದ ವೈದ್ಯರಿಗೇ ಫಿಲ್ಮ್ ಸಮೇತ ತೋರಿಸಬೇಕು.

ಎಲ್ಲಿಂದ ಶುರು ಮಾಡಬೇಕು?

ನೇರ ಸ್ಕ್ಯಾನ್ ಸೆಂಟರ್‌ಗೆ ಅಲ್ಲ. ಮೊದಲು ಹತ್ತಿರದ ದಂತ ವೈದ್ಯರು ಅಥವಾ ಸರ್ಕಾರಿ ಆಸ್ಪತ್ರೆಯ ದಂತ ವಿಭಾಗ. ಅಲ್ಲಿಂದ ಬೇಕಾದರೆ ಜಿಲ್ಲಾ ಆಸ್ಪತ್ರೆ ಜೊತೆಗಿರುವ ಕೊಪ್ಪಳ ವೈದ್ಯಕೀಯ ವಿಜ್ಞಾನಗಳ ಸಂಸ್ಥೆ. ಮುಂದೆ ದವಡೆ ಸರ್ಜನ್ ಬೇಕಾದರೆ ಜಿಲ್ಲೆಯ ಜನ ಸಾಮಾನ್ಯವಾಗಿ ನೋಡುವುದು ಬಳ್ಳಾರಿಯ ಸರ್ಕಾರಿ ದಂತ ಕಾಲೇಜು, ಧಾರವಾಡದ ಎಸ್‌ಡಿಎಂ ದಂತ ಕಾಲೇಜು, ಇಲ್ಲವೇ ರಾಯಚೂರಿನ ದಂತ ಕಾಲೇಜುಗಳ ಕಡೆ. ಮಗುವಿಗೆ ಬೇರೆ ಕೀಲುಗಳೂ ಬಾತಿದ್ದರೆ ಮೊದಲು ಮಕ್ಕಳ ತಜ್ಞರು. ಕೊಪ್ಪಳದಿಂದ ಹುಬ್ಬಳ್ಳಿಯೇ ನೂರು ಕಿ.ಮೀ. ದಾಟುತ್ತದೆ. ಹೊರಡುವ ಮುನ್ನ ಫೋನ್ ಮಾಡಿ ದಿನ, ಸಮಯ, ದವಡೆ ಕೀಲಿನ ಸ್ಕ್ಯಾನ್ ಅಲ್ಲಿ ಮಾಡುತ್ತಾರೆಯೇ ಎಂದು ಕೇಳಿ. ಡೈ ಔಷಧದ ದುಡ್ಡು ಹೇಳಿದ ರೇಟಿನಲ್ಲೇ ಸೇರಿದೆಯೋ, ಬೇರೆಯೋ ಎಂದೂ ಕೇಳಿ.

ಬಿಪಿಎಲ್ ಕಾರ್ಡ್ ಇರುವವರು ಆಯುಷ್ಮಾನ್ ಭಾರತ್-ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಏನು ಸಿಗುತ್ತದೆ ಎಂದು ಸರ್ಕಾರಿ ಆಸ್ಪತ್ರೆಯ ಆರೋಗ್ಯಮಿತ್ರರ ಬಳಿ ವಿಚಾರಿಸಬೇಕು. ಕೈಯಿಂದ ಖರ್ಚು ಮಾಡಿದ ಮೇಲೆ ಕೇಳುವುದಕ್ಕಿಂತ ಮೊದಲೇ ರೆಫರಲ್ ಚೀಟಿ ಸಮೇತ ಕೇಳುವುದು ಒಳ್ಳೆಯದು.

ವೈದ್ಯರನ್ನು ಕೇಳಬೇಕಾದ ನಾಲ್ಕು ಮಾತು

1. ‘ಸರ್, ಈ ಸ್ಕ್ಯಾನ್‌ನಿಂದ ಏನು ನೋಡ್ಬೇಕಾಗೈತ್ರಿ? ಗಾದಿನೋ, ಉರಿಯೂತನೋ, ಗಡ್ಡೆನೋ?’

2. ‘ಗಾದಿ ನೋಡಾಕಷ್ಟ ಆದ್ರ ಸಾದಾ ಎಂಆರ್‌ಐ ಸಾಕಾಗ್ತೈತೇನ್ರಿ?’

3. ‘ಶುಗರ್, ಬಿಪಿ ಐತ್ರಿ, ಕ್ರಿಯಾಟಿನಿನ್ ಟೆಸ್ಟ್ ಮಾಡಿಸ್ಕೊಂಡ್ ಹೋಗ್ಲೇನ್ರಿ?’

4. ‘ರಿಪೋರ್ಟ್ ಏನೇ ಬಂದ್ರೂ ಔಷಧ ಅದೇ ಇರ್ತೈತೋ, ಬದಲಾಗ್ತೈತೋ?’

ನಾಲ್ಕನೆಯ ಪ್ರಶ್ನೆಗೆ ‘ಬದಲಾಗುತ್ತದೆ’ ಎಂಬ ಉತ್ತರ ಬಂದರೆ ಸ್ಕ್ಯಾನ್‌ಗೆ ಹಾಕುವ ದುಡ್ಡು ದಂಡವಲ್ಲ. ‘ಅದೇ ಇರುತ್ತದೆ’ ಅಂದರೆ ಕೆಲವು ವಾರ ಮೆತ್ತಗಿನ ಊಟ, ಶಾಖ, ವೈದ್ಯರು ಹೇಳಿದ ಔಷಧ ನೋಡಿ ಆಮೇಲೆ ತೀರ್ಮಾನಿಸಬಹುದು. ಬರೆದ ಚೀಟಿಯಿಂದ ‘ಕಾಂಟ್ರಾಸ್ಟ್’ ಅನ್ನು ತಾವೇ ಹೊಡೆದುಹಾಕಿಸುವುದಾಗಲಿ, ಬರೆಯದಿದ್ದರೂ ‘ಅದನ್ನೂ ಹಾಕಿಬಿಡ್ರಿ’ ಎಂದು ಸೆಂಟರ್‌ನಲ್ಲಿ ಕೇಳುವುದಾಗಲಿ ಮಾಡಬಾರದು. ಮಗುವಿನ ಮೊಣಕಾಲು, ಮಣಿಕಟ್ಟು ಆರು ವಾರದಿಂದ ಬಾತಿದ್ದರೆ, ದವಡೆ ನೋವು ಇಲ್ಲದಿದ್ದರೂ ಸರಿ, ‘ದವಡೆ ಕೀಲನ್ನೂ ಒಮ್ಮೆ ನೋಡ್ರಿ’ ಎಂದು ವೈದ್ಯರಿಗೆ ಹೇಳುವುದು ಮರೆಯಬೇಡಿ.